ಯಾಟ್ ಒಳಾಂಗಣ ಮಾಡಿಸುವುದು ಹೇಗೆ: ಆಚಾರಿಯನ್ನು ಕರೆಯುವ ಮುಂಚೆ ಇದನ್ನು ಓದಿ

ಗಲ್ಫಿನಿಂದ ವಾಪಸ್ ಬಂದವರು, ಹೋಂಸ್ಟೇ ನಡೆಸುವವರು, ಸುಮ್ನೆ ನೀರಿನ ಹುಚ್ಚು ಇರುವವರು ಸ್ವಂತಕ್ಕೊಂದು ಯಾಟ್ ಬೇಕು ಎಂದು ಹೊರಟಾಗ ಹಲ್ (ದೋಣಿಯ ಹೊರಮೈ) ಯಾವುದು, ಎಂಜಿನ್ ಎಷ್ಟು ಎಚ್‌ಪಿ ಎಂದು ತಿಂಗಳುಗಟ್ಟಲೆ ವಿಚಾರಿಸುತ್ತಾರೆ. ಒಳಗಿನ ಕೆಲಸ ಬಂದಾಗ ಮಾತ್ರ ಮನೆಗೆ ಇಂಟೀರಿಯರ್ ಮಾಡಿದವರನ್ನೇ ಕರೆದು ಒಪ್ಪಿಸಿಬಿಡುತ್ತಾರೆ. ದುಡ್ಡು ನೀರಿಗೆ ಹೋಗುವುದು ಅಲ್ಲೇ. ಮನೆ ಕೆಲಸ ಚಂದ ಮಾಡುವವರಿಗೆ ದೋಣಿ ಕೆಲಸ ಗೊತ್ತಿರಬೇಕು ಅಂತೇನಿಲ್ಲ, ಅದು ಅವರ ತಪ್ಪೂ ಅಲ್ಲ.

ನಾನಿಲ್ಲಿ ಹೇಳುವುದು 30ರಿಂದ 40 ಅಡಿ ಉದ್ದದ ಯಾಟ್ ಬಗ್ಗೆ. ಮಲಗಲು ಎರಡು ಕ್ಯಾಬಿನ್, ನಡುವೆ ಕೂರುವ ಜಾಗ, ಒಂದು ಪುಟ್ಟ ಅಡುಗೆಮನೆ, ಒಂದು ಟಾಯ್ಲೆಟ್. ಕಾಸರಗೋಡು ಜಿಲ್ಲೆಯ ನೀಲೇಶ್ವರದ ಕೋಟ್ಟಪ್ಪುರಂ ಜೆಟ್ಟಿಯಿಂದ ಹೊರಡುವ ಹೌಸ್‌ಬೋಟ್‌ಗಳಿಗೂ ಇದರ ಮುಕ್ಕಾಲು ಪಾಲು ಹೊಂದುತ್ತದೆ. ಮೊದಲು ಒಂದು ವಿಷಯ ಖಚಿತ ಮಾಡಿಕೊಳ್ಳಿ. ನಿಮ್ಮ ದೋಣಿ ಅಲ್ಲಿನ ವಲಿಯಪರಂಬದ ಹಿನ್ನೀರಲ್ಲೇ ಸುತ್ತುತ್ತದಾ, ಇಲ್ಲ ಅಳಿವೆ ದಾಟಿ ಕಡಲಿಗೂ ಇಳಿಯುತ್ತದಾ? ಹಿನ್ನೀರಲ್ಲಿ ನಡೆಯುವ ಎಷ್ಟೋ ವ್ಯವಸ್ಥೆ ಕಡಲಿನ ಮೊದಲ ಅಲೆಗೇ ಕಳಚಿ ಕೆಳಗೆ ಬೀಳುತ್ತದೆ.

ಕೆಳಗೆ ಎಷ್ಟು ವಿಷಯ ಬರೆದರೂ ಹಿಂದಿರುವ ನಿಯಮ ಒಂದೇ. ದೋಣಿಯೊಳಗೆ ನಿಮ್ಮ ಕೈ ಹೋಗದ ಜಾಗ ಇರಬಾರದು. ನೀರು ಎಲ್ಲಿಂದಲೋ ಒಳಗೆ ಬಂದೇ ಬರುತ್ತದೆ. ಪ್ರೊಪೆಲ್ಲರ್ ಶಾಫ್ಟ್ ಹತ್ತಿರದಿಂದ, ಕಿಟಕಿಯ ಅಂಚಿನಿಂದ, ಡೆಕ್ ಮೇಲಿನ ಒಂದು ಸಡಿಲ ಬೋಲ್ಟಿನಿಂದ. ಬರುವುದು ದೊಡ್ಡ ಸಂಗತಿಯಲ್ಲ. ಬಂದದ್ದು ಕಾಣದೇ ಇದ್ದರೆ, ಕಂಡರೂ ಅಲ್ಲಿಗೆ ತಲುಪಲು ಮೂರು ಸಾವಿರ ರೂಪಾಯಿಯ ಪ್ಯಾನೆಲ್ ಒಡೆಯಬೇಕಾದರೆ, ಅದು ದೊಡ್ಡ ಸಂಗತಿ.

1. ಅಳತೆ: ರಸಮಟ್ಟವನ್ನು ನಂಬಬೇಡಿ

ದೋಣಿಯಲ್ಲಿ ನೇರ ಗೋಡೆ ಇಲ್ಲ, ಮೂಲೆಮಟ್ಟಕ್ಕೆ ಕೂರುವ ಮೂಲೆಯೂ ಇಲ್ಲ. ನೀರಲ್ಲಿ ತೇಲುವಾಗ ಯಾರಾದರೂ ಒಂದು ಬದಿಗೆ ನಡೆದರೆ ರಸಮಟ್ಟದ ಗುಳ್ಳೆಯೂ ನಡೆಯುತ್ತದೆ. ಹಾಗಾಗಿ ಒಳಗಿನ ಕೆಲಸವನ್ನು ದೋಣಿ ದಡದ ಮೇಲಿರುವಾಗ ಮಾಡಿಸುವುದು ಒಳ್ಳೆಯದು. ಹೊರಗಿನ ನೀರಿನ ಗೆರೆ ಸಮವಾಗಿ ಬರುವಂತೆ ಜ್ಯಾಕ್ ಕೊಟ್ಟು ನಿಲ್ಲಿಸಿದ ಮೇಲೆ ರಸಮಟ್ಟ ಉಪಯೋಗಕ್ಕೆ ಬರುತ್ತದೆ. ನಡುವೆ, ಮೂತಿಯಿಂದ ಹಿಂಬದಿಯವರೆಗೆ ಒಂದು ದಾರ ಎಳೆಯಿರಿ. ಎಲ್ಲ ಅಳತೆ ಆ ದಾರದಿಂದ. ಹಲ್‌ನ ಬಾಗುವಿಕೆಯನ್ನು ರಟ್ಟಿನಲ್ಲಿ ಕತ್ತರಿಸಿ, ಆ ರಟ್ಟನ್ನು ಪ್ಲೈವುಡ್ ಮೇಲಿಟ್ಟು ಗೆರೆ ಹಾಕಿಸಿ. ಟೇಪ್ ಹಿಡಿದು ನಂಬರ್ ಬರೆದುಕೊಂಡು ಹೋಗಿ ವರ್ಕ್‌ಶಾಪಿನಲ್ಲಿ ಕತ್ತರಿಸಿದ ಹಲಗೆ ಇಲ್ಲಿ ಕೂರುವುದಿಲ್ಲ.

ನಕ್ಷೆ ಕಾಗದದಲ್ಲಿ ಯಾವಾಗಲೂ ಚಂದವೇ. ಅದನ್ನು ಅಂಗಳಕ್ಕೆ ತನ್ನಿ. ಅಡಿಕೆ ಒಣಗಿಸುವ ಅಂಗಳ ಖಾಲಿ ಇರುವಾಗ ಇಡೀ ದೋಣಿಯ ಒಳಗನ್ನು ಸೀಮೆಸುಣ್ಣದಲ್ಲಿ ನಿಜವಾದ ಅಳತೆಗೆ ಬರೆಯಿರಿ. ರಟ್ಟಿನ ಪೆಟ್ಟಿಗೆಗಳನ್ನು ಮಂಚ, ಸೋಫಾ, ಕೌಂಟರ್ ಎಂದು ಜೋಡಿಸಿ. ಆಮೇಲೆ ಮನೆಯವರೆಲ್ಲ ಅದರೊಳಗೆ ಒಂದು ಸಂಜೆ ಓಡಾಡಲಿ. ಒಬ್ಬರು ಅಡುಗೆ ಮಾಡುವ ಹಾಗೆ ನಿಂತಿರುವಾಗ ಇನ್ನೊಬ್ಬರು ಟಾಯ್ಲೆಟ್‌ಗೆ ಹೋಗಲು ಆಗುತ್ತದಾ, ಅಜ್ಜಿಗೆ ಮಂಚದಿಂದ ಏಳಲು ಆಗುತ್ತದಾ ಎಂದು ಅಲ್ಲೇ ಗೊತ್ತಾಗುತ್ತದೆ. ಇದಕ್ಕೆ ಖರ್ಚು ಸೀಮೆಸುಣ್ಣದ್ದು ಮಾತ್ರ, ಅಲ್ವಾ?

ಬರೆದಿಟ್ಟುಕೊಳ್ಳಬೇಕಾದ ಅಳತೆಗಳು ಹೀಗೆ. ನಿಲ್ಲುವ ಎತ್ತರ ಆರು ಅಡಿ ಮೂರು ಇಂಚಿನಷ್ಟು ಸಿಕ್ಕರೆ ಆರಾಮ. ಹಾಸಿಗೆಯ ಉದ್ದ ಆರೂವರೆ ಅಡಿ. ಒಬ್ಬರ ಹಾಸಿಗೆ ಹೆಗಲ ಹತ್ತಿರ 26 ಇಂಚು ಅಗಲ ಇದ್ದರೆ ಸಾಕು, ಕಾಲಿನ ಕಡೆ 18 ಇಂಚಿಗೆ ಇಳಿದರೂ ನಡೆಯುತ್ತದೆ. ಮೂತಿಯ ಕ್ಯಾಬಿನ್ ಹೇಗೂ ಚೂಪಾಗುತ್ತದಲ್ಲ, ಅಲ್ಲಿ ಇದು ಉಪಯೋಗಕ್ಕೆ ಬರುತ್ತದೆ. ಕೂರುವ ಎತ್ತರ ಕುಶನ್ ಸೇರಿ 16ರಿಂದ 18 ಇಂಚು. ಊಟದ ಮೇಜು ಅದಕ್ಕಿಂತ ಒಂದಡಿ ಮೇಲೆ. ಅಡುಗೆ ಕೌಂಟರ್ ಮೂರಡಿ, ಆದರೆ ಅಡುಗೆ ಮಾಡುವವರು ಗಿಡ್ಡ ಇದ್ದರೆ ಎರಡು ಇಂಚು ಇಳಿಸಿ, ಪುಸ್ತಕದ ಲೆಕ್ಕ ನೋಡಬೇಡಿ. ನಡೆಯುವ ದಾರಿ 20 ಇಂಚಿಗಿಂತ ಕಡಿಮೆ ಆಗಬಾರದು. ಮಲಗುವ ಕ್ಯಾಬಿನ್ನಿಗೆ ಬಾಗಿಲಲ್ಲದೆ ಇನ್ನೊಂದು ಹೊರದಾರಿ ಬೇಕೇ ಬೇಕು. ಒಂದೂವರೆ ಅಡಿ ಚೌಕದ ಹ್ಯಾಚ್ (ಛಾವಣಿಯಲ್ಲಿ ತೆರೆಯುವ ಮುಚ್ಚಳ) ಆದರೂ ಸರಿ, ಆದರೆ ಅದು ಒಳಗಿನಿಂದ ತೆರೆಯಬೇಕು, ಅದರ ಕೆಳಗೆ ಕಪಾಟು ಬರಬಾರದು. ಬೆಂಕಿ ಹತ್ತುವುದು ಹೆಚ್ಚಾಗಿ ಎಂಜಿನ್ ಅಥವಾ ಒಲೆಯ ಹತ್ತಿರ, ನೀವು ಮಲಗಿರುವುದು ಅದರ ಆಚೆ ಬದಿಯಲ್ಲಿ.

2. ತೂಕದ ಪುಸ್ತಕ

ಒಂದು ನೋಟ್‌ಬುಕ್ ಇಡಿ. ದೋಣಿಯೊಳಗೆ ಹೋಗುವ ಪ್ರತಿ ವಸ್ತುವಿನ ತೂಕ, ಅದು ಎಡಕ್ಕಾ ಬಲಕ್ಕಾ, ಮೇಲಾ ಕೆಳಗಾ ಎಂದು ಬರೆಯಿರಿ. ತಮಾಷೆ ಅಲ್ಲ. 8 ಅಡಿ 4 ಅಡಿಯ 18 ಮಿ.ಮೀ. ಪ್ಲೈವುಡ್ ಹಾಳೆಯೊಂದು ಸುಮಾರು 35 ಕೆ.ಜಿ. ಬರುತ್ತದೆ, 12 ಮಿ.ಮೀ. ಆದರೆ 23. ಮನೆಯ ಅಭ್ಯಾಸದಲ್ಲಿ ಎಲ್ಲದಕ್ಕೂ 18 ಹಾಕಿಸಿದರೆ 20 ಹಾಳೆಗೆ 240 ಕೆ.ಜಿ. ಸುಮ್ನೆ ಏರಿತು. ದೋಣಿಯಲ್ಲಿ ಹಲಗೆ ದಪ್ಪ ಇರಬೇಕಾಗಿಲ್ಲ, ಹಿಂದೆ ಮರದ ಪಟ್ಟಿ ಕೊಟ್ಟರೆ 9 ಅಥವಾ 12 ಮಿ.ಮೀ. ಧಾರಾಳ ಸಾಕು. 20 ಮಿ.ಮೀ. ಗ್ರಾನೈಟ್ ಒಂದು ಚದರ ಮೀಟರಿಗೆ 50 ಕೆ.ಜಿ.ಗಿಂತ ಜಾಸ್ತಿ. ಕೋಟಿಗಟ್ಟಲೆ ಬೆಲೆಯ ದೊಡ್ಡ ಯಾಟ್‌ಗಳಲ್ಲಿ ಅಮೃತಶಿಲೆ ಕಾಣುತ್ತದಲ್ಲ, ಅದು ಕೆಲವೇ ಮಿ.ಮೀ. ದಪ್ಪಕ್ಕೆ ಸೀಳಿ ಅಲ್ಯೂಮಿನಿಯಂ ಜೇನುಗೂಡಿನ ಹಲಗೆಗೆ ಅಂಟಿಸಿದ ಕಲ್ಲು. ಅದನ್ನು ನೋಡಿ ಕಾಸರಗೋಡಿನ ಗ್ರಾನೈಟ್ ಅಂಗಡಿಗೆ ಹೋಗಬೇಡಿ.

ನೀರು ಲೀಟರಿಗೆ ಒಂದು ಕೆ.ಜಿ. 300 ಲೀಟರ್ ಟ್ಯಾಂಕ್ ತುಂಬಿದರೆ ನಾಲ್ಕೈದು ಜನ ಒಂದೇ ಕಡೆ ಕೂತಷ್ಟು ಭಾರ. ಆದ್ದರಿಂದ ಟ್ಯಾಂಕು, ಬ್ಯಾಟರಿ ಎಲ್ಲ ಕೆಳಗೆ, ನಡುಗೆರೆಗೆ ಹತ್ತಿರ. ಮೇಲಿನ ಕಪಾಟಲ್ಲಿ ಬಟ್ಟೆ, ಬ್ರೆಡ್ಡು, ಚಿಪ್ಸು. ಛಾವಣಿಯ ಮೇಲೆ ಕೂರಲು ಇನ್ನೊಂದು ಅಟ್ಟ ಮಾಡುವ ಆಸೆ ಎಲ್ಲರಿಗೂ ಬರುತ್ತದೆ. 2023ರ ಮೇ 7ರಂದು ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ದೋಣಿ ಮಗುಚಿ 22 ಜನ ಸತ್ತರು. ಅದು ಮೀನುಗಾರಿಕೆ ದೋಣಿಯನ್ನು ಪ್ರವಾಸಿಗರಿಗೆಂದು ಬದಲಾಯಿಸಿದ್ದು, ಹತ್ತಿದ್ದ ಜನ ಮಿತಿ ಮೀರಿದ್ದರು. ದೋಣಿಯ ಮೇಲ್ಭಾಗಕ್ಕೆ ಸೇರಿಸುವ ಪ್ರತಿ ಕಿಲೋ ಅದನ್ನು ಮಗುಚುವ ಕಡೆಗೆ ತಳ್ಳುತ್ತದೆ. 1917ರ ಹಳೆ ಕಾಯ್ದೆ ಹೋಗಿ ಈಗ 2021ರ ಒಳನಾಡು ಹಡಗು ಕಾಯ್ದೆ ಇದೆ, ಎಂಜಿನ್ ಇರುವ ದೋಣಿಗೆ ನೋಂದಣಿಯೂ ಸರ್ವೆಯೂ (ದೋಣಿಯ ಸುರಕ್ಷತೆಯ ತಪಾಸಣೆ) ಇದ್ದದ್ದೇ. ಒಳಾಂಗಣದ ನಕ್ಷೆಯನ್ನು ಸರ್ವೇಯರಿಗೆ ಕೆಲಸ ಶುರು ಮಾಡುವ ಮುಂಚೆ ತೋರಿಸಿ. ಮುಗಿದ ಮೇಲೆ ತೋರಿಸಿ ಬೈಸಿಕೊಳ್ಳುವುದು ಯಾಕೆ?

3. ಮರ ಬರುವ ಮುಂಚೆ: ತಳ, ಪೈಪು, ವೈರು

ಒಳಗೆ ಏನೂ ಇಲ್ಲದಾಗ ತಳವನ್ನು ತೊಳೆದು, ಒಣಗಿಸಿ, ಬಿಳಿ ಅಥವಾ ತೆಳು ಬೂದು ಬಣ್ಣದ ಎಪಾಕ್ಸಿ ಪೇಂಟ್ ಹೊಡೆಸಿ. ತಿಳಿ ಬಣ್ಣ ಇದ್ದರೆ ಎಣ್ಣೆ ಸೋರಿದ್ದು ತಕ್ಷಣ ಕಾಣುತ್ತದೆ. ತಳದ ಅಡ್ಡಪಟ್ಟಿಗಳ ಕೆಳಗೆ ನೀರು ಹರಿಯುವ ತೂತುಗಳು ಇರುತ್ತವೆ, ಅವು ಮುಚ್ಚಿಹೋಗಬಾರದು. ನೀರೆಲ್ಲ ಒಂದೇ ಗುಂಡಿಗೆ ಬರಬೇಕು, ಅಲ್ಲಿ ಫ್ಲೋಟ್ ಸ್ವಿಚ್ (ನೀರು ಏರಿದಾಗ ತಾನೇ ಆನ್ ಆಗುವುದು) ಇರುವ ಪಂಪು ಕೂರಬೇಕು, ಅದು ಕೈಕೊಟ್ಟರೆ ಕೈಯಲ್ಲಿ ಒತ್ತುವ ಪಂಪು ಇನ್ನೊಂದಿರಬೇಕು. ಹಲ್‌ಗೆ ತೂತು ಕೊರೆದು ಹಾಕಿದ ಪ್ರತಿ ವಾಲ್ವ್ ರಾತ್ರಿ ಕತ್ತಲಲ್ಲಿ ತಡಕಿದರೂ ಸಿಗಬೇಕು. ಅದರ ಮೇಲೆ ಡ್ರಾಯರ್ ಬರುವಂತಿದ್ದರೆ ನಕ್ಷೆ ಬದಲಾಯಿಸಿ.

ವೈರಿನ ವಿಷಯಕ್ಕೆ ಸ್ವಲ್ಪ ಜಾಸ್ತಿ ಹೊತ್ತು ಕೊಡುತ್ತೇನೆ, ಯಾಕೆಂದರೆ ಮನೆಯ ಇಲೆಕ್ಟ್ರಿಷಿಯನ್ ಇಲ್ಲಿ ಪೂರಾ ದಾರಿ ತಪ್ಪುತ್ತಾರೆ. ಮೊದಲನೆಯದು, ಉಪ್ಪು ಗಾಳಿಗೆ ಬರೀ ತಾಮ್ರ ಹಸಿರಾಗಿ ಒಳಗೊಳಗೇ ಕೊಳೆಯುತ್ತದೆ. ತವರ ಲೇಪಿಸಿದ, ಸಣ್ಣ ಎಳೆಗಳ ಮರೀನ್ ವೈರ್ ಬೇಕು. ಎರಡನೆಯದು, 12 ವೋಲ್ಟಿನಲ್ಲಿ ವೈರ್ ತೆಳುವಾದರೆ ವಿದ್ಯುತ್ ದಾರಿಯಲ್ಲೇ ಸೋರುತ್ತದೆ. ಬ್ಯಾಟರಿಯಿಂದ 5 ಮೀಟರ್ ದೂರದ ಫ್ರಿಡ್ಜಿಗೆ 10 ಆಂಪಿಯರ್ ಹೋಗಬೇಕು ಅನ್ನಿ, ಹೋಗಿಬರುವ ದಾರಿ 10 ಮೀಟರ್. 2.5 ಚದರ ಮಿ.ಮೀ. ವೈರ್ ಹಾಕಿದರೆ ಸುಮಾರು 0.7 ವೋಲ್ಟ್ ಕಳೆದುಹೋಗುತ್ತದೆ, ಅಂದರೆ ನೂರಕ್ಕೆ ಆರರ ಹತ್ತಿರ. 6 ಚದರ ಮಿ.ಮೀ. ಹಾಕಿದರೆ 0.3 ವೋಲ್ಟ್ ಒಳಗೆ ನಿಲ್ಲುತ್ತದೆ. ಫ್ರಿಡ್ಜ್ ಆಗಾಗ ಆಫ್ ಆಗುವುದಕ್ಕೆ ಫ್ರಿಡ್ಜಿನ ಕಂಪೆನಿಯನ್ನು ಬೈಯುವ ಮುಂಚೆ ವೈರ್ ನೋಡಿ.

ದಿನದ ಖರ್ಚಿನ ಲೆಕ್ಕ ಹೀಗೆ ಹಾಕಿ. 3 ವ್ಯಾಟಿನ ಎಲ್‌ಇಡಿ ಹತ್ತು, ಐದು ಗಂಟೆ: 150 ವ್ಯಾಟ್ ಅವರ್. 20 ವ್ಯಾಟಿನ ಫ್ಯಾನ್ ಮೂರು, ಹತ್ತು ಗಂಟೆ: 600. 45 ವ್ಯಾಟಿನ ಫ್ರಿಡ್ಜ್ ಅರ್ಧ ಹೊತ್ತು ಓಡಿದರೆ 540. ಪಂಪು, ಮೊಬೈಲು ಎಲ್ಲ ಸೇರಿ 100. ಒಟ್ಟು 1,390, ಅಂದರೆ 12 ವೋಲ್ಟಿನಲ್ಲಿ 115 ಆಂಪಿಯರ್ ಅವರ್ ಹತ್ತಿರ. ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಜಾಸ್ತಿ ಬರಿದು ಮಾಡಿದರೆ ಬೇಗ ಸಾಯುತ್ತದೆ, ಹಾಗಾಗಿ 230 ಆಂಪಿಯರ್ ಅವರ್ ಆದರೂ ಬೇಕು. ಲಿಥಿಯಂ ಐರನ್ ಫಾಸ್ಫೇಟ್ ಆದರೆ 150 ಸಾಕು, ತೂಕವೂ ಎಷ್ಟೋ ಕಡಿಮೆ, ದುಡ್ಡು ಮಾತ್ರ ಜಾಸ್ತಿ. ಎಸಿ ಬೇಕು ಎಂದರೆ ಈ ಲೆಕ್ಕವೆಲ್ಲ ಹರಿದು ಹಾಕಿ, ಜನರೇಟರ್ ಇಲ್ಲವೇ ಜೆಟ್ಟಿಯ ಕರೆಂಟು ನೋಡಿಕೊಳ್ಳಿ. ನನ್ನನ್ನು ಕೇಳಿದರೆ ಎಸಿಯ ದುಡ್ಡನ್ನು ಕಿಟಕಿಗೆ ಹಾಕಿ.

ಪ್ರತಿ ವೈರಿನ ಎರಡೂ ತುದಿಗೆ ನಂಬರ್ ಅಂಟಿಸಿ, ಫೋಟೋ ತೆಗೆದಿಟ್ಟುಕೊಳ್ಳಿ. ವೈರ್ ಪೈಪಿನೊಳಗೆ ಇನ್ನೊಂದು ಖಾಲಿ ನೈಲಾನ್ ದಾರ ಬಿಟ್ಟಿರಿ, ನಾಳೆ ಹೊಸ ವೈರ್ ಎಳೆಯಲು ಬೇಕಾಗುತ್ತದೆ.

4. ಮರ, ಸ್ಕ್ರೂ, ಅಂಟು

ಮರದ ಪುಡಿ ಒತ್ತಿ ಮಾಡಿದ ಎಂಡಿಎಫ್, ಪಾರ್ಟಿಕಲ್ ಬೋರ್ಡ್ ಹತ್ತಿರವೂ ಸೇರಿಸಬೇಡಿ. ಮೊದಲ ಮಳೆಗಾಲಕ್ಕೆ ಉಬ್ಬುತ್ತವೆ. ಪ್ಲೈವುಡ್ ಮೇಲೆ ಐಎಸ್ 710 ಎಂಬ ಮುದ್ರೆ ಇರಬೇಕು, ಅದು ಮರೀನ್ ಪ್ಲೈವುಡ್ಡಿನ ಭಾರತೀಯ ಗುಣಮಟ್ಟ. ಐಎಸ್ 303 ಎಂದು ಇದ್ದರೆ ಅದು ಮನೆಗೆ. ಅಂಗಡಿಯವರು "ವಾಟರ್‌ಪ್ರೂಫೇ ಅಣ್ಣಾ, ಏನೂ ಆಗುವುದಿಲ್ಲ" ಎನ್ನುತ್ತಾರೆ. ಮುದ್ರೆ ನೋಡಿ, ಬಾಯಿಮಾತು ಬಿಡಿ. ಎಷ್ಟೇ ಒಳ್ಳೆಯ ಪ್ಲೈ ಆದರೂ ನೀರು ಕುಡಿಯುವುದು ಕತ್ತರಿಸಿದ ಅಂಚಿನಿಂದ. ಪ್ರತಿ ಅಂಚಿಗೆ, ಪ್ರತಿ ಸ್ಕ್ರೂ ತೂತಿಗೆ ತೆಳು ಎಪಾಕ್ಸಿ (ಒಣಗಿ ಗಟ್ಟಿಯಾಗುವ ರಾಳ) ಎರಡು ಸಲ ಕುಡಿಸಬೇಕು. ಕಣ್ಣಿಗೆ ಕಾಣದ ಹಿಂಬದಿಗೂ ಒಂದು ಕೋಟು ಬೇಕು. ಒಂದೇ ಬದಿಗೆ ಲ್ಯಾಮಿನೇಟ್ ಅಂಟಿಸಿದ ತೆಳು ಹಲಗೆ ಬಾಗುತ್ತದೆ, ಎರಡೂ ಬದಿಗೆ ಹಾಕಿಸಿ.

ಗಟ್ಟಿಮರಕ್ಕೆ ಸಾಗುವಾನಿ ರಾಜ, ಬೇಪೂರಿನಲ್ಲಿ ಉರು ಎಂಬ ಮರದ ಹಡಗು ಕಟ್ಟುವವರೂ ಅದನ್ನೇ ನಂಬಿದ್ದರು. ಆದರೆ ನಮ್ಮ ಹೆಬ್ಬಲಸು, ತುಳುವರು ಪೆಜ ಎನ್ನುವುದು, ಏನೂ ಕಡಿಮೆ ಇಲ್ಲ. ಕೇರಳದ ಕೆಟ್ಟುವಳ್ಳಂ ದೋಣಿಗಳನ್ನು ಇದೇ ಹಲಗೆಯಲ್ಲಿ, ಮೊಳೆ ಇಲ್ಲದೆ ತೆಂಗಿನ ನಾರಿನ ಹಗ್ಗದಲ್ಲಿ ಹೊಲಿದು, ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿದು ಕಟ್ಟುತ್ತಾರೆ. ಅಂಚಿನ ಪಟ್ಟಿ, ಹಿಡಿಕೆ, ಮೆಟ್ಟಿಲಿಗೆ ಹೆಬ್ಬಲಸು ಚೆನ್ನಾಗಿರುತ್ತದೆ. ಚೆನ್ನಾಗಿ ಹದವಾಗಿ ಒಣಗಿದ್ದು ಮಾತ್ರ ತನ್ನಿ, ತೋಟದಲ್ಲಿ ಮೊನ್ನೆ ಬಿದ್ದದ್ದು ಬೇಡ.

ಸ್ಕ್ರೂ, ಕೀಲು ಎಲ್ಲ 316 ದರ್ಜೆಯ ಸ್ಟೀಲ್. ಸಾಮಾನ್ಯ ಅಂಗಡಿಯಲ್ಲಿ ಸಿಗುವ 304ರಲ್ಲಿ ಮಾಲಿಬ್ಡಿನಂ ಇರುವುದಿಲ್ಲ, ಉಪ್ಪಿಗೆ ಕಂದು ಚುಕ್ಕೆ ಬರುತ್ತದೆ. ಹಿತ್ತಾಳೆ ಸ್ಕ್ರೂ ಚಂದ ಕಾಣುತ್ತದೆ, ಆದರೆ ಉಪ್ಪು ನೀರು ತಾಗುವ ಕಡೆ ಅದರೊಳಗಿನ ಸತು ಹೋಗಿ ಗುಲಾಬಿ ಬಣ್ಣದ ಪುಡಿಯಾಗುತ್ತದೆ. ಮಂಗಳೂರು ಬಂದರು, ಮಲ್ಪೆ ಕಡೆ ಮೀನುಗಾರಿಕೆ ದೋಣಿಯ ಸಾಮಾನು ಮಾರುವ ಅಂಗಡಿಗಳಲ್ಲಿ ವಿಚಾರಿಸಿದರೆ ಸರಿಯಾದದ್ದು ಸಿಗುತ್ತದೆ.

ಈಗ ಮೊದಲೇ ಹೇಳಿದ, ಕೈ ಹೋಗದ ಜಾಗ ಇರಬಾರದು ಎಂಬ ನಮ್ಮ ನಿಯಮ. ಗೋಡೆಯ ಪ್ಯಾನೆಲ್, ಛಾವಣಿಯ ಪ್ಯಾನೆಲ್, ನೆಲದ ಹಲಗೆ, ಯಾವುದನ್ನೂ ಅಂಟಿನಿಂದ ಮುಚ್ಚಬೇಡಿ. ಆಚಾರಿ ಕೇಳುತ್ತಾರೆ, "ಅಣ್ಣಾ, ಇದಕ್ಕೆ ಬೀಡಿಂಗ್ ಹೊಡೆದು ಮುಚ್ಚಿಬಿಡುವನಾ? ಚಂದ ಕಾಣುತ್ತದೆ." "ಬೇಡ ಆಚಾರ್ರೇ, ಸ್ಕ್ರೂ ಕಾಣಲಿ" ಎನ್ನಿ. ಕಪ್ ವಾಷರ್ ಹಾಕಿದ ಸ್ಕ್ರೂಗಳು ಒಂದೇ ಸಾಲಿನಲ್ಲಿದ್ದರೆ ಅದೇ ಒಂದು ಅಲಂಕಾರ. ಛಾವಣಿಯ ಹಗುರ ಪ್ಯಾನೆಲ್‌ಗೆ ವೆಲ್ಕ್ರೋ ಸಾಕು. ನೆಲದ ಹಲಗೆ ಎತ್ತಲು ರಿಂಗ್ ಇಡಿಸಿ, ಅಂಚಿನಲ್ಲಿ 2 ಮಿ.ಮೀ. ಸಂದು ಬಿಡಿಸಿ, ಮಳೆಗಾಲದಲ್ಲಿ ಮರ ಹಿಗ್ಗಿದರೂ ಎತ್ತಲು ಬರುತ್ತದೆ. ಕಡಲಿಗೆ ಹೋಗುವ ದೋಣಿಯಾದರೆ ನೆಲದ ಹಲಗೆಗೂ ತಿರುಗಿಸುವ ಚಿಲಕ ಬೇಕು.

ಮೂಲೆಗಳೆಲ್ಲ ಗುಂಡಗೆ. ಓಲಾಡುವಾಗ ನೀವು ಬಡಿದುಕೊಳ್ಳುವುದು ಸೊಂಟಕ್ಕೆ, ಮಕ್ಕಳು ಹಣೆಗೆ. ಮೇಜು, ಕೌಂಟರ್, ಕಪಾಟಿನ ಅಂಚಿಗೆ ಒಂದರಿಂದ ಒಂದೂವರೆ ಇಂಚಿನ ಕಟ್ಟೆ ಕೊಡಿ, ಮೂಲೆಯಲ್ಲಿ ಸ್ವಲ್ಪ ಸಂದು ಬಿಟ್ಟರೆ ಒರೆಸಿದ ಕಸ ಹೊರಗೆ ಬರುತ್ತದೆ. ಡ್ರಾಯರ್ ಎತ್ತಿ ಎಳೆಯುವಂಥದ್ದು ಇರಲಿ. ಮ್ಯಾಗ್ನೆಟ್ ಚಿಲಕ ನಂಬಬೇಡಿ. ಕೈ ಹಿಡಿಯಲು ಛಾವಣಿಯ ಉದ್ದಕ್ಕೂ ಒಂದು ಮರದ ಕಂಬಿ ಇರಲಿ.

5. ಅಡುಗೆ ಜಾಗ

ಗ್ಯಾಸ್ ಗಾಳಿಗಿಂತ ಭಾರ. ಮನೆಯಲ್ಲಿ ಸೋರಿದರೆ ಬಾಗಿಲ ಸಂದಿನಿಂದ ಹೋಗಲು ದಾರಿಯಾದರೂ ಇರುತ್ತದೆ, ದೋಣಿಯಲ್ಲಿ ತಳದ ಗುಂಡಿಗೆ ಇಳಿದು ಕಾದು ಕೂರುತ್ತದೆ, ಪಂಪಿನ ಸ್ವಿಚ್ಚಿನ ಒಂದು ಕಿಡಿ ಸಾಕು. ಹಾಗಾಗಿ ಸಿಲಿಂಡರ್ ಡೆಕ್ ಮೇಲೆ, ಒಳಗಿಗೆ ಸಂಬಂಧವೇ ಇಲ್ಲದ ಪೆಟ್ಟಿಗೆಯಲ್ಲಿ, ಪೆಟ್ಟಿಗೆಯ ತಳದಿಂದ ಹೊರಗೆ ತೂತು ಇರುವಂತೆ. ಗ್ಯಾಸ್ ಅಲಾರಂ ಒಲೆಯ ಮೇಲೆ ಅಲ್ಲ, ನೆಲದ ಹತ್ತಿರ. ಅಗ್ನಿಶಾಮಕ ಸಿಲಿಂಡರ್ ಒಲೆಯ ಪಕ್ಕದಲ್ಲಿ ಬೇಡ, ಬಾಗಿಲ ಹತ್ತಿರ. ಬೆಂಕಿ ದಾಟಿ ಅದನ್ನು ತೆಗೆಯಲು ಆಗುತ್ತದಾ ಹೇಳಿ.

ಹಾಯಿ ಇರುವ ಯಾಟ್ ಒಂದು ಕಡೆಗೆ ವಾಲಿ ಓಡುತ್ತದೆ, ಅದಕ್ಕೆ ತೂಗುವ ಒಲೆ ಬೇಕು. ಹಿನ್ನೀರಿಗೆ ಪಾತ್ರೆ ಹಿಡಿಯುವ ಕಂಬಿ ಸಾಕು. ಸಿಂಕ್ ಅಗಲಕ್ಕಿಂತ ಆಳ ಜಾಸ್ತಿ ಇರಲಿ. ತೆಂಗಿನಕಾಯಿ ಮನೆಯಲ್ಲೇ ಅರೆದು ತನ್ನಿ, ಮಿಕ್ಸಿಗೋಸ್ಕರ ದೊಡ್ಡ ಇನ್ವರ್ಟರ್ ಹಾಕುವುದು ದಂಡ. ಮೀನು ಹುರಿಯುವುದು ಇದ್ದರೆ ಒಲೆಯ ನೇರ ಮೇಲೆ ತೆರೆಯುವ ಹ್ಯಾಚ್ ಇಡಿಸಿ, ಇಲ್ಲವಾದರೆ ಬಂಗುಡೆಯ ವಾಸನೆ ಕುಶನ್ನಿನಲ್ಲಿ ಓಣಂವರೆಗೂ ಇರುತ್ತದೆ ಮಾರಾಯ್ರೇ.

6. ಟಾಯ್ಲೆಟ್

ನೇರ ನೀರಿಗೆ ಬಿಡುವ ಯೋಚನೆ ಬೇಡ. ಪಡನ್ನ, ಚೆರುವತ್ತೂರು ಕಡೆ ಇದೇ ಹಿನ್ನೀರಲ್ಲಿ ಹಗ್ಗಕ್ಕೆ ಕಟ್ಟಿ ಪಚ್ಚಿಲೆ (ತಿನ್ನುವ ಚಿಪ್ಪುಜೀವಿ) ಬೆಳೆಸುತ್ತಾರೆ, ಅದನ್ನು ಸಂಜೆ ನೀವೇ ತಿನ್ನುತ್ತೀರಿ. ಟ್ಯಾಂಕ್ ಇಡಿ. ನಾಲ್ಕು ಜನ, ದಿನಕ್ಕೆ ಐದು ಸಲ, ಸಲಕ್ಕೆ 3 ಲೀಟರ್ ಎಂದರೆ 60 ಲೀಟರ್. ಎರಡು ದಿನಕ್ಕೆ 120. ತೊಳೆಯುವ ನೀರನ್ನೂ ಸೇರಿಸಿಕೊಳ್ಳಿ, ನಮಗೆ ಅದು ಇಲ್ಲದೆ ಆಗುವುದಿಲ್ಲವಲ್ಲ. ವಾಸನೆ ಬರುವುದು ಹೆಚ್ಚಾಗಿ ಟ್ಯಾಂಕಿನಿಂದ ಅಲ್ಲ, ಅಗ್ಗದ ಹೋಸಿನ ಮೈಯಿಂದ. ಬಿಸಿ ನೀರಲ್ಲಿ ಅದ್ದಿದ ಬಟ್ಟೆಯನ್ನು ಹೋಸಿಗೆ ಸುತ್ತಿ, ಆರಿದ ಮೇಲೆ ಮೂಸಿ ನೋಡಿ. ಬಟ್ಟೆ ನಾರಿದರೆ ಹೋಸ್ ಬದಲಾಯಿಸಬೇಕು. ಟ್ಯಾಂಕಿಗೆ ದಪ್ಪನೆಯ ಗಾಳಿ ಪೈಪೂ ಬೇಕು.

7. ಗಾಳಿ, ಹಾಸಿಗೆ, ಬಟ್ಟೆ

ನಮ್ಮ ಊರಲ್ಲಿ ದೋಣಿಯನ್ನು ಹಾಳು ಮಾಡುವುದು ಅಲೆಗಿಂತ ಜಾಸ್ತಿ ಬೂಷ್ಟು. ಗಾಳಿ ಒಂದು ಕಡೆ ಬಂದು ಇನ್ನೊಂದು ಕಡೆ ಹೋಗಬೇಕು, ದೋಣಿಗೆ ಬೀಗ ಹಾಕಿರುವಾಗಲೂ. 1930ರಲ್ಲಿ ನೀರಿಗಿಳಿದ ಡೊರೇಡ್ ಎಂಬ ಯಾಟಿನ ಹೆಸರಿನಲ್ಲೇ ಒಂದು ಗಾಳಿಗೂಡು ಇದೆ. ಪೆಟ್ಟಿಗೆಯೊಳಗೆ ನೀರು ಕೆಳಗೆ ಉಳಿದು ಹೊರಗೆ ಹರಿಯುತ್ತದೆ, ಗಾಳಿ ಮಾತ್ರ ಎತ್ತರದ ಕೊಳವೆಯಿಂದ ಒಳಗಿಳಿಯುತ್ತದೆ. ನಮ್ಮ ಜೋರು ಮಳೆಗೆ ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ, ಆಚಾರಿ ಎರಡು ದಿನದಲ್ಲಿ ಮಾಡುತ್ತಾರೆ. ಕಪಾಟಿನ ಬಾಗಿಲಿಗೆ ಸೀಳುಪಟ್ಟಿ ಅಥವಾ ತೂತುಗಳು ಇರಲಿ, ಹಿಂದೆ ಹಲ್‌ಗೂ ಕಪಾಟಿಗೂ ಒಂದಿಂಚು ಬಿಡಿ. ಹ್ಯಾಚ್‌ಗಳಿಗೆಲ್ಲ ಸೊಳ್ಳೆ ಬಲೆ ಬೇಕು, ಹಿನ್ನೀರಿನ ಮುಸ್ಸಂಜೆ ಗೊತ್ತಿದ್ದವರಿಗೆ ಇದನ್ನು ಹೇಳಬೇಕಾಗಿಲ್ಲ.

ಹಾಸಿಗೆಯನ್ನು ನೇರ ಪ್ಲೈವುಡ್ ಮೇಲೆ ಹಾಕಬೇಡಿ. ಮೈಯ ಬೆವರು ಕೆಳಗಿಳಿದು ಅಲ್ಲೇ ನಿಲ್ಲುತ್ತದೆ. ಮರದ ಪಟ್ಟಿಗಳ ಮೇಲೆ ಹಾಕಿ, ಇಲ್ಲವೇ ಹಲಗೆಗೆ ಅಲ್ಲಲ್ಲಿ ಎರಡಿಂಚಿನ ತೂತು ಕೊರೆಸಿ. ನಾಲ್ಕೈದು ಇಂಚಿನ ಗಟ್ಟಿ ಫೋಮ್ ಸಾಕು. ಅದನ್ನು ಎರಡು ಮೂರು ತುಂಡು ಮಾಡಿಸಿ, ಕೆಳಗಿನ ಮುಚ್ಚಳ ತೆರೆಯಲು ಇಡೀ ಹಾಸಿಗೆ ಎತ್ತಬೇಕಾಗಬಾರದು. ಕವರಿನ ಜಿಪ್ ಪ್ಲಾಸ್ಟಿಕ್‌ನದ್ದು. ಕವರಿಗೆ ಪಾಲಿಯೆಸ್ಟರ್, ಬಿಸಿಲಿಗೆ ಬೀಳುವ ಕಡೆ ನೂಲಿಗೇ ಬಣ್ಣ ಹಾಕಿದ ಅಕ್ರಿಲಿಕ್. ಉಪ್ಪು ನೀರು ತಾಗಿದ ಬಟ್ಟೆ ಸಿಹಿ ನೀರಲ್ಲಿ ತೊಳೆಯದಿದ್ದರೆ ಒಣಗುವುದೇ ಇಲ್ಲ, ಉಪ್ಪು ಗಾಳಿಯ ತೇವ ಎಳೆಯುತ್ತದೆ. ಕಾಸರಗೋಡಿನ ಕೈಮಗ್ಗದ ಹತ್ತಿ ನನಗೂ ಇಷ್ಟ, ಆದರೆ ಅದನ್ನು ಹೊದಿಕೆ, ದಿಂಬಿನ ಕವರಿಗೆ ಇಡಿ, ಪ್ರತಿ ಸಲ ಮನೆಗೆ ತಂದು ತೊಳೆಯಲು ಆಗುವಂಥದ್ದಕ್ಕೆ ಮಾತ್ರ.

ಬಣ್ಣಕ್ಕೆ ತಲೆಕೆಡಿಸಿಕೊಳ್ಳಬೇಡಿ. ಅಮೆರಿಕದ ದೋಣಿ ವಿನ್ಯಾಸಕಾರ ಹೆರೆಶಾಫ್ ಮಾಡುತ್ತಿದ್ದ ಹಾಗೆ ಗೋಡೆಗೆ ಬಿಳಿ, ಅಂಚಿಗೆ ವಾರ್ನಿಷ್ ಮಾಡಿದ ಮರ. ಒಳಗೆ ಬೆಳಕು ಜಾಸ್ತಿಯಾಗುತ್ತದೆ, ದುಬಾರಿ ಮರ ಕಡಿಮೆ ಸಾಕು. ದೀಪ 3000 ಕೆಲ್ವಿನ್‌ಗಿಂತ ಕೆಳಗಿನ ಹಳದಿ ಬೆಳಕಿನದ್ದು.

8. ಕೆಲಸದ ಕ್ಯಾಲೆಂಡರ್

ಮಳೆ ಬಿಟ್ಟ ಮೇಲೆ ಅಕ್ಟೋಬರಿನಲ್ಲಿ ಅಳತೆ, ನಕ್ಷೆ. ನವೆಂಬರಿನಲ್ಲಿ ತಳ, ಪೈಪು, ವೈರು. ಮರದ ಕೆಲಸ ಡಿಸೆಂಬರ್, ಜನವರಿ. ವಾರ್ನಿಷ್ ಮಾತ್ರ ಫೆಬ್ರವರಿ ದಾಟಿಸಬೇಡಿ, ಗಾಳಿ ಒಣಗಿರುವಾಗಲೇ ಅದು ಸರಿಯಾಗಿ ಕೂರುವುದು. ವಾರ್ನಿಷಿನ ಕೊನೆಯ ಕೋಟು ಹೊಡೆಯುವ ಮುಂಚೆ ದೋಣಿಯನ್ನು ನೀರಿಗಿಳಿಸಿ, ಟ್ಯಾಂಕ್ ತುಂಬಿಸಿ, ಪಾತ್ರೆ ಪಗಡ ಎಲ್ಲ ಇಟ್ಟು ಒಂದು ದಿನ ಓಡಿಸಿ. ಎಲ್ಲಿ ಗಡಗಡ, ಎಲ್ಲಿ ಕಿರ್ ಎನ್ನುತ್ತದೆ ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿ, ಒಂದು ಬದಿಗೆ ವಾಲಿದರೆ ಬ್ಯಾಟರಿ ಸರಿಸಿ. ಸೋಫಾ ಕವರ್, ಪರದೆ ಎಲ್ಲ ಇದಾದ ಮೇಲೆ.

ಪತ್ತನಾಜೆಯ ಹೊತ್ತಿಗೆ, ಅಂದರೆ ಮೇ ಕೊನೆಯಲ್ಲಿ, ಮಳೆಗಾಲಕ್ಕೆ ದೋಣಿ ಕಟ್ಟಿಹಾಕುವ ತಯಾರಿ ಶುರು ಮಾಡಿ. ಹಾಸಿಗೆ, ಬಟ್ಟೆ, ಪುಸ್ತಕ ಮನೆಗೆ. ಗ್ಯಾಸ್ ಸಿಲಿಂಡರ್ ಕೆಳಗಿಳಿಸಿ. ಕಪಾಟು, ಡ್ರಾಯರ್, ನೆಲದ ಹಲಗೆ ಎಲ್ಲ ತೆರೆದಿಡಿ. ಫ್ರಿಡ್ಜಿನ ಬಾಗಿಲಿಗೆ ಒಂದು ಮರದ ತುಂಡು ಕೊಡಿ, ಮುಚ್ಚಬಾರದು. ತಳದ ಪಂಪಿಗೆ ಸೋಲಾರಿನಿಂದ ಚಾರ್ಜ್ ಹೋಗುತ್ತಿರಲಿ. ವಾರಕ್ಕೊಮ್ಮೆ ಯಾರಾದರೂ ಹೋಗಿ ಗುಂಡಿಯ ನೀರು ಎಷ್ಟಿದೆ, ಫ್ಲೋಟ್ ಸ್ವಿಚ್ ಎತ್ತಿದರೆ ಪಂಪು ಓಡುತ್ತದಾ ಎಂದು ನೋಡಿ ಬರಲಿ.